ತಿರುಗಿ ನೋಡುವ ಇರುವೆ

"ಹಳೆಯದನ್ನೆಲ್ಲ ಕಳಚಿಟ್ಟು ಹೊಸ ವರ್ಷಕ್ಕೆ ಕಾಲಿಡಬೇಕು ಅಜ್ಜಾವರೇ. ಅದು ಹೇಗೆ?"

ಹಂಪಮ್ಮ ಹೀಗೆ ಕೇಳಿದ್ದು ಯುಗಾದಿಯ ಹಿಂದಿನ ದಿನ. ಮಠದ ಹಿತ್ತಿಲಲ್ಲಿ ಹಂಡೆಯೊಲೆ ಉರಿಯುತ್ತಿತ್ತು. ಗುರುಗಳು ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತು ಸೌದೆ ನೂಕುತ್ತಿದ್ದರು. ಊರವರೆಲ್ಲ ಅವರನ್ನು ಅಜ್ಜಾವರು ಎಂದೇ ಕರೆಯುತ್ತಿದ್ದರು.

ಹಂಪಮ್ಮ ಕತೆ ಬರೆಯುವವಳು. ಮಠದ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಹೆಂಗಸರಿಗೆ, ಹುಡುಗಿಯರಿಗೆ ಬರೆಯುವುದನ್ನು ಕಲಿಸುವವಳೂ ಅವಳೇ. ಅವಳ ಕಂಕುಳಲ್ಲಿ ಕಾಗದದ ಒಂದು ಕಟ್ಟು ಇತ್ತು.

"ಏನಿದು?" ಎಂದರು ಗುರುಗಳು.

"ವರ್ಷದ ದುಡಿಮೆ. ಅರ್ಧ ಕತೆ. ಉಳಿದರ್ಧ ಬರಲೇ ಇಲ್ಲ. ಈ ಒಲೆಗೆ ಹಾಕಿದರೆ ನಿಮ್ಮ ನೀರಾದರೂ ಕಾದೀತು."

"ಕಲಿಯಲು ಬರುವವರು?"

"ಅವರನ್ನೂ ಬಿಡುತ್ತೇನೆ. ವರ್ಷವೆಲ್ಲ ಇನ್ನೊಬ್ಬರ ವಾಕ್ಯದ ಕಿವಿ ಹಿಂಡಿದೆ. ನನ್ನದು ಮೂಲೆಯಲ್ಲಿ ಕುಳಿತು ಕುಂಟಾಯಿತು. ಅವರಲ್ಲಿ ತುಂಗವ್ವ ಎಂಬುವಳೊಬ್ಬಳಿದ್ದಾಳೆ. ಈ ಅರ್ಧ ಕತೆಯನ್ನು ಒಂದು ದಿನ ಓದಿ ಹೇಳಿದ್ದೇ ತಪ್ಪಾಯಿತು. ಅಂದಿನಿಂದ ನನ್ನ ಹಾಗೆಯೇ ಬರೆಯುತ್ತಾಳೆ. ಅದೂ ಸೊಟ್ಟಗೆ. ನೋಡಿದರೆ ಮೈ ಉರಿಯುತ್ತದೆ. ನಿನ್ನೆ ಎಲ್ಲರ ಮುಂದೆ ಬೈದೆ. ಇನ್ನು ಬರಬೇಡ ಎನ್ನುವುದೊಂದು ಬಾಕಿ."

ಗುರುಗಳು ಒಲೆಗೆ ಇನ್ನೊಂದು ಸೌದೆ ನೂಕಿದರು. ಹಂಪಮ್ಮನಿಗೆ ಕುಳಿತುಕೊಳ್ಳಲು ಹೇಳಿದರು. ಅವಳು ಕುಳಿತಳು. ಕಟ್ಟನ್ನು ಕೆಳಗಿಡಲಿಲ್ಲ.

"ಒಬ್ಬಳು ನೇಯ್ಗೆಯವಳಿದ್ದಳು" ಎಂದರು ಗುರುಗಳು.

ನೇಯ್ಗೆಯವಳ ಮನೆಯಲ್ಲಿ ಒಂದು ಸೀರೆಯಂಚು ಇತ್ತು. ಇರುವೆಸಾಲು ಎಂದು ಅದರ ಹೆಸರು. ಸೀರೆಯ ಉದ್ದಕ್ಕೂ ಕರಿಯ ಇರುವೆಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ಆ ಊರಿನ ಮದುಮಗಳು ಇರುವೆಸಾಲಿನ ಸೀರೆ ಉಟ್ಟೇ ಧಾರೆಗೆ ನಿಲ್ಲಬೇಕು. ಇರುವೆ ಕೂಡಿಡುತ್ತದೆ, ಹೋದ ಮನೆ ತುಂಬುತ್ತದೆ ಎಂದು ಊರಿನ ನಂಬಿಕೆ. ಗಂಡ ತೀರಿಕೊಂಡ ಮೇಲೆ ನೇಯ್ಗೆಯವಳನ್ನು ಸಾಕಿದ್ದು ಆ ಅಂಚು. ಅವಳಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ. ಇರುವೆಗಳಿದ್ದವು.

ಮಗ್ಗದ ಕೆಲಸದಲ್ಲಿ ಒಂದು ರೀತಿಯಿದೆ. ಉದ್ದಕ್ಕೆ ಹಾಸಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಹಾಸಿನ ಪ್ರತಿಯೊಂದು ಎಳೆಯೂ ದಾರದ ಒಂದೊಂದು ಕುಣಿಕೆಯೊಳಗೆ ಹಾದು ನೇಯುವವರ ಮುಂದೆ ಬರುತ್ತದೆ. ಯಾವ ಎಳೆ ಯಾವ ಕುಣಿಕೆಯಲ್ಲಿ ಎಂಬುದರಲ್ಲಿ ಅಂಚಿನ ಚಿತ್ತಾರ ಅಡಗಿರುತ್ತದೆ. ಸೀರೆ ಮುಗಿದಾಗ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಆದರೆ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ಗೇಣುದ್ದದ ತುದಿಯನ್ನು ಕುಣಿಕೆಗಳಲ್ಲಿ ಹಾಗೆಯೇ ಬಿಡುತ್ತಾರೆ. ಹೊಸ ಹಾಸು ಬಂದಾಗ, ಬೆರಳಿಗೆ ಬೂದಿ ಹಚ್ಚಿಕೊಂಡು, ಹೊಸ ಎಳೆಯೊಂದನ್ನು ಹಳೆಯ ಎಳೆಯೊಂದಕ್ಕೆ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎಂದು ಹೆಸರು. ಎಲ್ಲವನ್ನೂ ಕೆಚ್ಚಿದ ಮೇಲೆ ಹಳೆಯದನ್ನು ಮೆಲ್ಲಗೆ ಎಳೆದರೆ, ಹೊಸದು ಅದರ ಬೆನ್ನು ಹಿಡಿದು ತನ್ನ ಕುಣಿಕೆಗೆ ತಾನೇ ಬರುತ್ತದೆ.

ನೇಯ್ಗೆಯವಳು ಹೀಗೆಯೇ ಮಾಡುತ್ತಿದ್ದಳು. ಅವಳ ಅತ್ತೆಯೂ ಹೀಗೆಯೇ ಮಾಡಿದ್ದಳು. ಅತ್ತೆಯ ಅತ್ತೆಯೂ ಅಷ್ಟೇ. ಮಗ್ಗ ಬರಿದಾಗಿದ್ದುದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಪಕ್ಕದ ಓಣಿಗೆ ಒಬ್ಬಳು ಸೊಸೆ ಬಂದಳು. ಅವಳ ಗಂಡನ ಮನೆಯವರು ನೇಯುವವರಲ್ಲ. ಸೊಸೆಗೆ ನೇಯುವ ಆಸೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ನೇಯ್ಗೆಯವಳ ಹೊಸಿಲ ಮೇಲೆ ನಿಂತಳು. ನೇಯ್ಗೆಯವಳು ಮೊದಲು ಒಲ್ಲೆನೆಂದಳು. ಸೊಸೆ ಮರುದಿನವೂ ಬಂದು ನಿಂತಳು. ನೇಯ್ಗೆಯವಳು ಬೇಸತ್ತು ಒಳಗೆ ಕರೆದಳು. ಲಾಳಿ ಹಾಯಿಸುವುದನ್ನು ಹೇಳಿಕೊಟ್ಟಳು. ಎಳೆ ಹರಿದರೆ ಗಂಟು ಹಾಕುವುದನ್ನು ಹೇಳಿಕೊಟ್ಟಳು. ಕಲಿಸುವಾಗ ಅವಳ ನಾಲಿಗೆ ಕತ್ತರಿಗಿಂತ ಚುರುಕಾಗಿತ್ತು. ಸೊಸೆಯ ನಾಲಿಗೆಯೂ ಮೊಂಡಾಗಿರಲಿಲ್ಲ.

ಸೊಸೆ ತನ್ನ ಮನೆಯಲ್ಲೇ ಮಗ್ಗ ಹೂಡಿದಳು. ಹೊಸ ಮಗ್ಗ. ಕೆಚ್ಚಲು ಹಳೆಯ ತುದಿಯಿಲ್ಲ.

"ಅಕ್ಕಾ, ಇರುವೆಸಾಲಿಗೆ ಬರಿ ಕುಣಿಕೆಗಳಲ್ಲಿ ಎಳೆ ತುಂಬುವುದು ಹೇಗೆ? ಬಾಯಲ್ಲಿ ಹೇಳಿ, ಕಲಿತುಕೊಳ್ಳುತ್ತೇನೆ" ಎಂದು ಕೇಳಿದಳು.

ನೇಯ್ಗೆಯವಳು ಹೇಳಲು ಬಾಯಿ ತೆರೆದಳು. ಅವಳು ಎಂದೂ ಎಳೆ ತುಂಬಿದವಳಲ್ಲ, ಕೆಚ್ಚಿದವಳು. ಅದನ್ನು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

"ಅದೆಲ್ಲ ಹೇಳಿಕೊಡುವ ವಿದ್ಯೆಯಲ್ಲ. ಕಣ್ಣಿದ್ದರೆ ನೋಡಿಕೋ" ಎಂದಳು.

ಸೊಸೆ ನೋಡಿಕೊಂಡಳು. ಮಗುವನ್ನು ನೇಯ್ಗೆಯವಳ ಮಗ್ಗದ ಕಂಬಕ್ಕೆ ಕಟ್ಟಿದ ಜೋಲಿಯಲ್ಲಿ ಹಾಕಿ, ತಾನು ಮಗ್ಗದ ಕೆಳಗೆ ತೂರಿ ಕುಳಿತಳು. ಒಂದೊಂದು ಎಳೆಯ ಜಾಡು ಹಿಡಿದು ಯಾವುದು ಎಲ್ಲಿ ಹೋಗುತ್ತದೆ ಎಂದು ನೋಡಿದಳು. ನೋಡಿದ್ದು ಮರೆಯಬಾರದೆಂದು ಹಾಡು ಕಟ್ಟಿದಳು.

ಹೋಗೋ ಇರುವೆ ಮುಂದಕ್ಕೆ,
ಬರೋ ಇರುವೆ ಹಿಂದಕ್ಕೆ,
ಹೊರೆ ಹೊತ್ತದ್ದು ನಡುವಕ್ಕೆ,
ಸುಮ್ಮನೆ ಬಂದದ್ದು ಬದಿಗಿರಲಿ.

ಹೀಗೆ ಮೊದಲಾದ ಹಾಡು ಉದ್ದಕ್ಕೆ ಬೆಳೆಯಿತು. ಮುಂದಕ್ಕೆ ಎಂದರೆ ಮುಂದಿನ ಸಾಲಿನ ಕುಣಿಕೆ. ಹಿಂದಕ್ಕೆ ಎಂದರೆ ಹಿಂದಿನ ಸಾಲು. ಹಾಡಿನ ಒಂದೊಂದು ಸಾಲಿಗೆ ಒಂದೊಂದು ಎಳೆ. ನಡುನಡುವೆ ಮಗು ಅಳುತ್ತಿತ್ತು. ಸೊಸೆ ಹೊರಬಂದು ಹಾಲು ಕುಡಿಸಿ, ಅದೇ ಹಾಡು ಹೇಳಿ ತೂಗಿ, ಮತ್ತೆ ಕೆಳಗೆ ತೂರುತ್ತಿದ್ದಳು.

"ಮಗ್ಗ ಕಲಿಯುತ್ತಿದ್ದೀಯೋ ಜೋಗುಳ ಕಲಿಯುತ್ತಿದ್ದೀಯೋ?" ಎಂದು ನೇಯ್ಗೆಯವಳು ಮೇಲಿನಿಂದ ಕೇಳಿದಳು.

"ಎರಡಕ್ಕೂ ಒಂದೇ ಹಾಡು ಸಾಕು ಅಕ್ಕಾ. ಬಡವರ ಮನೆ" ಎಂದು ಸೊಸೆ ಕೆಳಗಿನಿಂದ ಹೇಳಿದಳು.

ಹಾಡಿನಲ್ಲಿ ಎಲ್ಲೋ ಒಂದು ಕಡೆ ತಪ್ಪಾಯಿತು. ಸೊಸೆಯ ಮಗ್ಗದಲ್ಲಿ ಇರುವೆಸಾಲು ಮೂಡಿದಾಗ, ಇರುವೆಗಳೆಲ್ಲ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದವು. ಕಾಲು ಮುಂದೆ, ಕಣ್ಣು ಹಿಂದೆ.

ನೇಯ್ಗೆಯವಳು ಹೋಗಿ ನೋಡಿದಳು. ಓಣಿಯ ಹೆಂಗಸರೆಲ್ಲ ನಿಂತಿದ್ದರು.

"ನನ್ನ ಇರುವೆಗೆ ದಾರಿ ಗೊತ್ತು. ನಿನ್ನದಕ್ಕೆ ತವರಿನ ಚಿಂತೆ" ಎಂದಳು.

ಹೆಂಗಸರು ನಕ್ಕರು. ಸೊಸೆಯೂ ನಕ್ಕಳು. ಆದರೆ ಮರುದಿನದಿಂದ ನೇಯ್ಗೆಯವಳ ಮನೆಗೆ ಬರಲಿಲ್ಲ. ಅವಳ ಸೀರೆಯನ್ನು ಆ ಊರಿನಲ್ಲಿ ಯಾರೂ ಕೊಳ್ಳಲಿಲ್ಲ. ಇರುವೆ ಹೇಗಿರಬೇಕೆಂದು ಗೊತ್ತಿಲ್ಲದ ದೂರದ ಸಂತೆಯಲ್ಲಿ ಮಾರಿಕೊಂಡಳು.

ಆ ವರ್ಷ ನೇಯ್ಗೆಯವಳಿಗೆ ಕೈ ಹತ್ತಲಿಲ್ಲ. ಎಳೆಗಳು ಹರಿದವು. ಬಣ್ಣ ಮಾಸಿದಂತೆ ಕಂಡಿತು. ಒಂದು ಸೀರೆ ಮದುವೆ ಮನೆಯಿಂದ ಹಿಂದಕ್ಕೆ ಬಂತು. ತಂದುಕೊಟ್ಟವರು ಏನೂ ಬೈಯಲಿಲ್ಲ. ಜಗುಲಿಯ ಮೇಲೆ ಇಟ್ಟು ಹೋದರು. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಯಾಕೆ ಹೀಗಾಯಿತು ಎಂದು ಯೋಚಿಸಿದಳು. ಆ ಸೊಸೆಗೆ ಕಲಿಸಲು ಹೋಗಿ ನನ್ನ ಕೈ ಕೆಟ್ಟಿತು ಎಂದುಕೊಂಡಳು. ಈ ಮಗ್ಗಕ್ಕೆ ಹಳೆಯ ವರ್ಷದ ಪೀಡೆ ಅಂಟಿದೆ ಎಂದುಕೊಂಡಳು. ಎರಡೂ ಸುಲಭದ ಮಾತು. ಸುಲಭದ ಮಾತನ್ನು ನಂಬುವುದು ಕಷ್ಟವಲ್ಲ.

ಯುಗಾದಿ ಬಂತು. ಹಬ್ಬದ ಹಿಂದಿನ ದಿನ ನೇಯ್ಗೆಯವಳು ಗೋಡೆಗೆ ಸುಣ್ಣ ಬಳಿದಳು. ಒಡಕು ಗಡಿಗೆಗಳನ್ನು ತಿಪ್ಪೆಗೆ ಎಸೆದಳು. ನೆಲ ಸಾರಿಸಿದಳು. ಕೊನೆಗೆ ಮಗ್ಗದ ಮುಂದೆ ನಿಂತಳು. ಕುಣಿಕೆಗಳಲ್ಲಿ ಹಳೆಯ ಹಾಸಿನ ತುದಿ ಗೇಣುದ್ದ ಇಳಿಬಿದ್ದಿತ್ತು. ಮಾಸಿದ ಎಳೆಗಳು. ಹಿಂದಕ್ಕೆ ಬಂದ ಸೀರೆಯದೇ ತುದಿ.

"ಎಲ್ಲ ತೊಳೆದು ಇದೊಂದನ್ನು ಉಳಿಸಿಕೊಂಡರೆ ತೊಳೆದಂತೆ ಹೇಗಾಯಿತು?" ಎಂದಳು. ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಕತ್ತರಿಸಿದಳು. ಎಳೆಗಳನ್ನು ಹಿಡಿ ಹಿಡಿಯಾಗಿ ಎಳೆದು ತೆಗೆದಳು. ಅವು ಸರಾಗವಾಗಿ ಬಂದವು. ಕುಣಿಕೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದಳು. ಹಳೆಯ ಎಳೆಯನ್ನು ಒಲೆಗೆ ಹಾಕಿದಳು. ಮರುದಿನ ಬೇವುಬೆಲ್ಲ ತಿಂದಾಗ ಅವಳಿಗೆ ಬೇವು ಕಹಿಯೆನಿಸಲಿಲ್ಲ. ಅಷ್ಟು ಹಗುರಾಗಿದ್ದಳು.

ಹಬ್ಬ ಮುಗಿಯಿತು. ವೈಶಾಖದಲ್ಲಿ ಒಂದು ಮದುವೆ ನಿಶ್ಚಯವಾಗಿತ್ತು. ಮದುಮಗಳ ತಾಯಿ ಬಂದು ಸೀರೆಗೆ ಹೇಳಿ ಹೋದಳು. ನೇಯ್ಗೆಯವಳು ಹೊಸ ಹಾಸು ತಂದು ಮಗ್ಗಕ್ಕೆ ಏರಿಸಿದಳು. ಮೊದಲ ಎಳೆಯನ್ನು ಕೈಗೆ ತೆಗೆದುಕೊಂಡಳು.

ಅದು ಯಾವ ಕುಣಿಕೆಗೆ ಹೋಗಬೇಕೆಂದು ಗೊತ್ತಾಗಲಿಲ್ಲ.

ಕುಣಿಕೆಗಳೆಲ್ಲ ಒಂದೇ ಬಗೆಯಾಗಿ ತೂಗುತ್ತಿದ್ದವು. ಚೆನ್ನಾಗಿ ತೊಳೆದ ಕುಣಿಕೆಗಳು. ನೇಯ್ಗೆಯವಳು ಕಣ್ಣು ಮುಚ್ಚಿ ಕೈಗೆ ಬಿಟ್ಟಳು. ಕೈ ಸುಮ್ಮನೆ ನಿಂತಿತು. ಕೈಗೆ ಗೊತ್ತಿದೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಕೈಗೆ ಕೆಚ್ಚುವುದು ಗೊತ್ತಿತ್ತು. ಇರುವೆ ಗೊತ್ತಿದ್ದದ್ದು ಆ ಗೇಣುದ್ದದ ಎಳೆಗೆ.

ಅಂದಾಜಿನ ಮೇಲೆ ತುಂಬಿದಳು. ನೇಯ್ದು ನೋಡಿದಳು. ಅಂಚಿನಲ್ಲಿ ಇರುವೆಗಳಿರಲಿಲ್ಲ. ಚೆಲ್ಲಿದ ಎಳ್ಳಿನಂತೆ ಕರಿಯ ಚುಕ್ಕೆಗಳಿದ್ದವು. ಬಿಚ್ಚಿದಳು. ಬೇರೆ ರೀತಿ ತುಂಬಿದಳು. ಎಳ್ಳು ಸಾಸಿವೆಯಾಯಿತು.

ಹಳೆಯ ಸೀರೆಯೊಂದನ್ನು ತಂದು ಬೆಳಕಿಗೆ ಹಿಡಿದಳು. ಬಟ್ಟೆಯಲ್ಲಿ ಇರುವೆ ಎಲ್ಲಿದೆ ಎಂದು ಕಾಣುತ್ತಿತ್ತು. ಅದು ಯಾವ ಬಾಗಿಲಿನಿಂದ ಬಂದು ಅಲ್ಲಿ ನಿಂತಿತು ಎಂದು ಕಾಣಲಿಲ್ಲ. ರೊಟ್ಟಿಯನ್ನು ತಿರುಗಿಸಿ ನೋಡಿದರೆ ಹಿಟ್ಟು ನಾದಿದ್ದು ಹೇಗೆಂದು ತಿಳಿಯುವುದಿಲ್ಲ.

ಊರಿನ ಹಿರಿಯ ನೇಕಾರರನ್ನು ಕರೆಸಿದಳು. ಅವರು ಬಂದು ಬರಿದಾದ ಕುಣಿಕೆಗಳನ್ನು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರಾದರೂ ಮಗ್ಗವನ್ನು ಬೋಳಿಸುತ್ತಾರೇನವ್ವಾ?" ಎಂದ ಒಬ್ಬ ಮುದುಕ.

"ಬೋಳಿಸಿ ಆಯಿತು. ಈಗ ಕೂದಲು ಬರಿಸುವುದು ಹೇಗೆ, ಅದನ್ನು ಹೇಳಿ."

"ನಮಗೇನು ಗೊತ್ತು? ನಮ್ಮ ಮನೆಯ ಅಂಚನ್ನೂ ನಾವು ಕೆಚ್ಚಿಕೊಂಡು ಬಂದವರೇ" ಎಂದ ಮುದುಕ. ಚಹಾ ಕುಡಿದು ಹೋದರು. ಹೋದವರು ತಮ್ಮ ತಮ್ಮ ಮನೆಗೆ ಹೋಗಿ, ತಮ್ಮ ಮಗ್ಗದ ಹಳೆಯ ತುದಿ ಇದೆಯೇ ಎಂದು ಒಮ್ಮೆ ಮುಟ್ಟಿ ನೋಡಿಕೊಂಡರು.

ಸುದ್ದಿ ಊರಿಗೆ ಹಬ್ಬಿತು. ಮದುಮಗಳ ತಾಯಿ ಬಂದಳು.

"ಇರುವೆಸಾಲು ಇಲ್ಲದೆ ನನ್ನ ಮಗಳನ್ನು ಧಾರೆಗೆ ನಿಲ್ಲಿಸಲಾರೆ. ಆಗುತ್ತದೆಯೋ ಇಲ್ಲವೋ ಹೇಳಿಬಿಡು. ಆಗದಿದ್ದರೆ ಬೇರೆ ಊರಿನ ಬೇರೆ ಅಂಚು ತರುತ್ತೇವೆ. ಒಬ್ಬರು ತಂದರೆ ಸಾಕು, ಆಮೇಲೆ ಎಲ್ಲರೂ ಅದನ್ನೇ ತರುತ್ತಾರೆ. ಮದುವೆ ಮನೆಯ ಪದ್ಧತಿ ನಿನಗೆ ಗೊತ್ತಲ್ಲ."

ನೇಯ್ಗೆಯವಳಿಗೆ ಗೊತ್ತಿತ್ತು. ಆ ಸೀರೆ ಬೇರೆ ಊರಿನಿಂದ ಬಂದ ದಿನ ಅವಳ ಅನ್ನ ಮುಗಿಯಿತು. ಅವಳ ಅತ್ತೆಯ ಹೆಸರೂ ಮುಗಿಯಿತು.

"ಆಗುತ್ತದೆ" ಎಂದಳು.

ತಾಯಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಕುಳಿತಳು. ಊರಿನಲ್ಲಿ ಇರುವೆಸಾಲು ಉಳಿದಿರುವ ಮಗ್ಗ ಇನ್ನೊಂದೇ ಇತ್ತು. ಅದು ಯಾರ ಮನೆಯಲ್ಲಿದೆ ಎಂದು ಅವಳು ಮೊದಲ ದಿನದಿಂದಲೂ ಬಲ್ಲಳು. ಆ ಓಣಿಯ ಕಡೆಗೆ ಮುಖ ಹಾಕಲಾಗದೆ ಹಿರಿಯರನ್ನು ಕರೆಸಿದ್ದಳು.

ಮರುದಿನ ಬೆಳಿಗ್ಗೆ ಎದ್ದು ಹೋದಳು. ಓಣಿಯ ಹೆಂಗಸರು ನೀರು ತರುತ್ತಿದ್ದರು. ಅವರೇ ಅಂದು ನಕ್ಕವರು. ಇಂದು ಯಾರೂ ನಗಲಿಲ್ಲ. ನೋಡಿದರು. ನಗುವುದಕ್ಕಿಂತ ಅದು ಹೆಚ್ಚಾಯಿತು.

ಸೊಸೆ ಮಗ್ಗದ ಮೇಲಿದ್ದಳು. ಲಾಳಿ ನಿಲ್ಲಿಸದೆ ಹೇಳಿದಳು.

"ಬನ್ನಿ ಅಕ್ಕಾ. ನನ್ನ ಇರುವೆಗಳು ದಾರಿಗೆ ಬಂದವೋ ಎಂದು ನೋಡಲು ಬಂದಿರೇನು?"

"ನನ್ನವು ಸತ್ತೇ ಹೋದವು. ನಿನ್ನವು ಎತ್ತ ನೋಡಿದರೂ ನನಗೀಗ ಚಿಂತೆಯಿಲ್ಲ."

ಸೊಸೆ ಲಾಳಿ ಕೆಳಗಿಟ್ಟಳು. ಏನೋ ಹೇಳಬೇಕೆಂದು ಬಾಯಿಗೆ ಬಂದಿತ್ತು. ಒಳ್ಳೆಯ ಮಾತೇ ಬಂದಿತ್ತು, ಚುರುಕಾದದ್ದು. ಬಹಳ ದಿನದಿಂದ ಮಸೆದು ಇಟ್ಟಿದ್ದಳು. ನೇಯ್ಗೆಯವಳ ಕೈ ನೋಡಿದಳು. ಬೆರಳ ತುದಿಗಳಲ್ಲಿ ಬೂದಿಯಿರಲಿಲ್ಲ. ಕೆಚ್ಚಲು ಏನೂ ಇಲ್ಲದವಳ ಬೆರಳು. ಸೊಸೆ ಆ ಮಾತನ್ನು ನುಂಗಿಕೊಂಡಳು.

"ನೀವು ಎಳೆ ಹಿಡಿಯಿರಿ. ನಾನು ಹಾಡು ಹೇಳುತ್ತೇನೆ" ಎಂದಳು.

ಇಬ್ಬರೂ ನೇಯ್ಗೆಯವಳ ಮನೆಗೆ ಬಂದರು. ಮಗುವೂ ಬಂತು. ಅದೀಗ ತಪ್ಪು ಹೆಜ್ಜೆ ಇಡುವಷ್ಟು ಬೆಳೆದಿತ್ತು. ಸೊಸೆ ಕಂಬಕ್ಕೆ ಒರಗಿ ಕುಳಿತು ಹಾಡತೊಡಗಿದಳು. ನೇಯ್ಗೆಯವಳು ಒಂದೊಂದು ಸಾಲಿಗೆ ಒಂದೊಂದು ಎಳೆಯನ್ನು ಕುಣಿಕೆಗೆ ಹಾಯಿಸಿದಳು. ಹೋಗೋ ಇರುವೆ ಮುಂದಕ್ಕೆ. ಬರೋ ಇರುವೆ ಹಿಂದಕ್ಕೆ. ಹಾಡು ಕೇಳಿ ಮಗು ಅಲ್ಲೇ ನೆಲದ ಮೇಲೆ ಮಲಗಿ ನಿದ್ದೆ ಹೋಯಿತು. ಅದಕ್ಕೆ ಇರುವೆಸಾಲು ಎಂದರೆ ಜೋಗುಳ.

ತನ್ನ ಮನೆಯ ಅಂಚು ಹೇಗೆ ಮೂಡುತ್ತದೆ ಎಂದು ನೇಯ್ಗೆಯವಳಿಗೆ ಮೊದಲ ಬಾರಿ ತಿಳಿಯಿತು. ಇಷ್ಟು ವರ್ಷ ಅವಳು ಅದನ್ನು ಎಳೆದುಕೊಂಡು ಬಂದಿದ್ದಳು. ಈಗ ಅದರ ಒಳಗೆ ಹೋಗುತ್ತಿದ್ದಳು. ಒಂದು ಬಗೆಯ ಸಂತೋಷವಾಯಿತು. ಅದನ್ನು ಸೊಸೆಯ ಮುಂದೆ ತೋರಿಸಲಿಲ್ಲ.

ಅರ್ಧ ತುಂಬಿದ ಮೇಲೆ ಕೈ ನಿಲ್ಲಿಸಿ ಕೇಳಿದಳು.

"ಎಲ್ಲಿ ತಪ್ಪಿದೆ ನಿನ್ನ ಹಾಡು? ಅಲ್ಲಿ ಹೇಳು, ತಿದ್ದಿಕೊಂಡು ಹೋಗೋಣ."

"ಗೊತ್ತಿದ್ದರೆ ನಾನೇ ತಿದ್ದಿಕೊಳ್ಳುತ್ತಿರಲಿಲ್ಲವೇ ಅಕ್ಕಾ? ಹಾಡು ಕಟ್ಟುವಾಗ ಈ ಮಗು ಎಷ್ಟೋ ಸಲ ಅತ್ತಿತು. ಯಾವ ಅಳುವಿನಲ್ಲಿ ಎಳೆ ಬಿಟ್ಟೆನೋ ಯಾರಿಗೆ ಗೊತ್ತು? ಅಂದು ನೀವಾದರೂ ಒಂದು ಸಲ ಕೆಳಗೆ ಬಗ್ಗಿ ನೋಡಿದ್ದರೆ ಹೇಳಬಹುದಿತ್ತು. ನಿಮ್ಮ ಮಗ್ಗ ಆಗ ತುಂಬಿತ್ತು."

ನೇಯ್ಗೆಯವಳು ಮುಂದಿನ ಎಳೆ ಕೈಗೆ ತೆಗೆದುಕೊಂಡಳು.

"ಹಾಡು" ಎಂದಳು.

ತಪ್ಪು ಇದ್ದ ಹಾಗೆಯೇ ತುಂಬಿದಳು. ಸೀರೆ ನೇಯ್ದಳು. ಕರಿಯ ಇರುವೆಗಳು ಒಂದರ ಹಿಂದೆ ಒಂದು ಹೊರಟವು. ಎಲ್ಲವೂ ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದವು.

ಮದುಮಗಳ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಸೀರೆಯನ್ನು ಬಿಡಿಸಿ ಅಂಚನ್ನು ಬೆಳಕಿಗೆ ಹಿಡಿದಳು.

"ಇದೇನು? ಇವು ಯಾಕೆ ತಿರುಗಿ ನೋಡುತ್ತಿವೆ?"

ನೇಯ್ಗೆಯವಳು ಹೇಳಿದಳು: "ಹಿಂದಿರುವವರು ಬರುತ್ತಿದ್ದಾರೋ ಇಲ್ಲವೋ ಎಂದು."

ತಾಯಿ ಇನ್ನೇನೋ ಹೇಳಲು ಹೊರಟಿದ್ದಳು. ಮಗಳು ಸೀರೆಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಅಂಚನ್ನು ಬೆರಳಿನಿಂದ ಸವರಿದಳು.

"ಇದೇ ಇರಲಿ ಅವ್ವಾ" ಎಂದಳು.

ತಾಯಿ ಮಗಳ ಮುಖ ನೋಡಿದಳು. ಸೀರೆ ಮಡಿಚಿಕೊಂಡು ಹೋದರು.

ಈ ಸಲ ನೇಯ್ಗೆಯವಳು ಹಳೆಯ ತುದಿಗೆ ಕತ್ತರಿ ಹಾಕಲಿಲ್ಲ. ಮಗ್ಗದ ಕುಣಿಕೆಗಳಲ್ಲಿ ಗೇಣುದ್ದ ಹಾಸು ಇಳಿಬಿದ್ದಿತ್ತು. ಹೋಗಿ ಸೊಸೆಯನ್ನು ಕರೆತಂದಳು. ಒಲೆಯಿಂದ ಬೂದಿ ತಂದು ಇಬ್ಬರ ನಡುವೆ ಇಟ್ಟಳು. ಒಬ್ಬಳು ಹಳೆಯ ತುದಿ ಆರಿಸಿ ಕೊಟ್ಟಳು. ಒಬ್ಬಳು ಹೊಸ ಎಳೆ ಹೊಸೆದಳು. ಸಂಜೆಯೊಳಗೆ ಕೆಚ್ಚಿ ಮುಗಿಸಿದರು.

ಮುಂದಿನ ಯುಗಾದಿಗೆ ನೇಯ್ಗೆಯವಳು ಎಂದಿನಂತೆ ಸುಣ್ಣ ಬಳಿದಳು. ಗಡಿಗೆ ಎಸೆದಳು. ನೆಲ ಸಾರಿಸಿದಳು. ಮಗ್ಗದ ಮೇಲೆ ಒಂದು ಒಗೆದ ಬಟ್ಟೆ ಹೊದಿಸಿ ಅದಕ್ಕೂ ಹೂ ಏರಿಸಿದಳು. ಬಟ್ಟೆಯ ಕೆಳಗೆ ಹಳೆಯ ತುದಿ ಹಳೆಯದಾಗಿಯೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಹಂಡೆಯ ನೀರು ಸದ್ದು ಮಾಡತೊಡಗಿತ್ತು.

ಹಂಪಮ್ಮ ಕತೆ ಇನ್ನೂ ಇದೆ ಎಂದುಕೊಂಡಿದ್ದಳು. ಕೇಳಿದಳು.

"ಆ ತಪ್ಪನ್ನು ಕೊನೆಗೆ ತಿದ್ದಿದರೇ ಅಜ್ಜಾವರೇ?"

"ನೀನು ಬರೆಯುವವಳಾಗಿ ಕೇಳುತ್ತಿದ್ದೀಯೋ ಕಲಿಸುವವಳಾಗಿ ಕೇಳುತ್ತಿದ್ದೀಯೋ?"

"ಎರಡೂ ನಾನೇ ಅಲ್ಲವೇ?"

"ಅದನ್ನು ನೀನೇ ಈಗ ಹೇಳಿದೆ. ಬಂದಾಗ ಬರೆಯುವವಳು ಕಲಿಸುವವಳ ಮೇಲೆ ದೂರು ತಂದಿದ್ದಳು."

ಹಂಪಮ್ಮ ಮುಖ ಗಂಟು ಹಾಕಿಕೊಂಡಳು. "ನಿಮ್ಮ ಕತೆ ಚೆನ್ನಾಗಿದೆ. ಆದರೆ ನನ್ನದು ಮಗ್ಗವಲ್ಲ. ಇದು ಬರೀ ಕಾಗದ. ಮಾಸಿದ ಅರ್ಧ ಕತೆ. ಇದನ್ನು ಇಟ್ಟುಕೊಂಡು ಹೊಸ ವರ್ಷದಲ್ಲಿ ಹೊಸದು ಬರೆಯುವುದು ಹೇಗೆ? ನನಗೆ ಬಿಳಿಯ ಹಾಳೆ ಬೇಕು."

ಅವಳು ಎದ್ದು ಒಲೆಯ ಬಾಯಿಯ ಹತ್ತಿರ ಬಂದಳು. ಕಟ್ಟಿನ ದಾರ ಬಿಚ್ಚಿದಳು. ಗುರುಗಳು ತಡೆಯಲಿಲ್ಲ. ಮಣೆಯನ್ನು ಬದಿಗೆ ಸರಿಸಿ ಅವಳಿಗೆ ಜಾಗ ಬಿಟ್ಟರು.

"ಹಾಕುವುದಿದ್ದರೆ ಹಾಕು ತಾಯಿ, ಒಲೆ ಉರಿಯುತ್ತಿದೆ, ಆದರೆ ತುಂಗವ್ವನನ್ನು ಮಾತ್ರ ಇನ್ನು ಬೈಯಬೇಡ, ನಾಳೆ ಅವಳ ಬಾಗಿಲಿಗೇ ಹೋಗಬೇಕಾದೀತು."

ಹಂಪಮ್ಮ ಕಟ್ಟು ಹಿಡಿದುಕೊಂಡು ನಿಂತೇ ಇದ್ದಳು.